ಹಬ್ಬಕ್ಕೆ ಮುಂಚೆ ದೀಪ ಹಿಡಿದು ಹುಡುಕುವದು

ಯೆಹೂದ್ಯರ ಪಸ್ಕಹಬ್ಬವು ವಸಂತಕಾಲದ ನೀಸಾನ್ ಮಾಸದಲ್ಲಿ ಬರುವದು. ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿ ವಿಧಿಸಿರುವ ಪ್ರಕಾರ 7 ದಿವಸಗಳ ವರೆಗೆ ಮನೆಯಲ್ಲಿ ಹುಳಿಹಿಟ್ಟು ಇರಕೂಡದು. ಆದಕಾರಣ ಅವರು ಮುಂಚಿತವಾಗಿಯೇ ಪಾತ್ರೆಗಳನ್ನು ಬೆಳಗಿ, ಮೂಲೆಮೂಲೆಗಳನ್ನು ಗುಡಿಸುತ್ತಾರೆ. ಹಬ್ಬವು ಆರಂಭವಾಗುವ ಹಿಂದಿನ ರಾತ್ರಿ ಮನೆಯ ಯಜಮಾನನು ದೀಪ ಹಿಡಿದು, ಉಳಿದಿರುವ ರೊಟ್ಟಿಯ ಚೂರುಗಳನ್ನು ಹುಡುಕಿ, ಮರುದಿನ ಬೆಳಿಗ್ಗೆ ಸುಟ್ಟುಬಿಡುವನು.

ನಾವಾದರೋ ಈಸ್ಟರ್ ಹಬ್ಬ ಬಂತೆಂದು ಬೀದಿಯ ಕಡೆಯ ಗೋಡೆಗೆ ಸುಣ್ಣ ಬಳಿಯುತ್ತೇವೆ. ಕಣಜದ ಹಿಂದಿನ ಕಸವನ್ನು ಹಾಗೆಯೇ ಬಿಡುತ್ತೇವೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಮನಸ್ಸಿನ ಕೆಟ್ಟತನವನ್ನೇ ಹಳೇ ಹುಳಿಹಿಟ್ಟಿಗೆ ಹೋಲಿಸಿದ್ದಾನೆ. ನೆರೆಯವನೊಡನೆ ಮಾತು ಬಿಟ್ಟು ವರುಷವಾಗಿದ್ದರೆ ಸುಣ್ಣವು ಅದನ್ನು ಮುಚ್ಚೀತೇ? ಈ ಸಾರಿ ಆ ಮೂಲೆಗೂ ದೀಪ ಹಿಡಿಯೋಣ. ಹಬ್ಬಕ್ಕೆ ಮುಂಚೆ ನಾವೇ ಅವನ ಬಾಗಿಲಿಗೆ ಹೋಗೋಣ.