ಅಪ್ಪನ ಹೆಸರಿನಲ್ಲೊಂದು ಸಂಶೋಧನಾ ದತ್ತಿ

ಪ್ರಶ್ನೆ: ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆಂದು ಬಂದು ಇಲ್ಲೇ ನೆಲೆನಿಂತವರು ನಮ್ಮ ತಂದೆ. ಅವರ ಹೆಸರಿನಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ₹10 ಲಕ್ಷದ ಸಂಶೋಧನಾ ದತ್ತಿ ಇಡಬೇಕೆಂದಿದ್ದೇವೆ. ಅಮೆರಿಕದಲ್ಲಿರುವ ತಮ್ಮನೂ ಸಂಡೂರಿನ ಪರಿಚಯದ ಗಣಿ ಕಂಪನಿಯೂ ಕೈಜೋಡಿಸಬಹುದು. ನಿಯಮಗಳೇನು?
— ಓದುಗರು, ಟಿ.ಬಿ. ಡ್ಯಾಂ

ಉತ್ತರ: ದತ್ತಿನಿಧಿಯಲ್ಲಿ ಇಡುಗಂಟನ್ನು ಮುಟ್ಟುವಂತಿಲ್ಲ, ಖರ್ಚೆಲ್ಲ ಬಡ್ಡಿಯಿಂದಲೇ ನಡೆಯಬೇಕು. ಆದ್ದರಿಂದ ಮೊದಲು ಲೆಕ್ಕ ಹಾಕಿ. ಬಡ್ಡಿ ಶೇ 7 ಎಂದಿಟ್ಟುಕೊಂಡರೆ ₹10 ಲಕ್ಷಕ್ಕೆ ವರ್ಷಕ್ಕೆ ಸಿಗುವುದು ₹70 ಸಾವಿರ. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ 2023ರಿಂದ ತಿಂಗಳಿಗೆ ₹37 ಸಾವಿರ. ಒಬ್ಬರಿಗೆ ಅಷ್ಟು ಕೊಡಬೇಕಾದರೂ ₹63 ಲಕ್ಷಕ್ಕಿಂತ ಹೆಚ್ಚಿನ ಇಡುಗಂಟು ಬೇಕು. ನಿಮ್ಮ ಮೊತ್ತದಲ್ಲಿ ವರ್ಷಕ್ಕೊಂದು ಉಪನ್ಯಾಸ, ಒಬ್ಬ ವಿದ್ಯಾರ್ಥಿಯ ಕ್ಷೇತ್ರಕಾರ್ಯದ ಓಡಾಟ ನಡೆದೀತು. ಬಡ್ಡಿಯಲ್ಲಿ ಒಂದು ಪಾಲು ಅಸಲಿಗೆ ಸೇರಲಿ ಎಂದು ಬರೆಸಿ; ಇಲ್ಲದಿದ್ದರೆ ಬೆಲೆ ಏರಿದಂತೆ ದತ್ತಿ ಸೊರಗುತ್ತದೆ.

ಕಂಪನಿಯ ವಿಷಯದಲ್ಲಿ ಒಂದು ತೊಡಕಿದೆ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣವನ್ನು ಯಾವುದೇ ಸಂಸ್ಥೆಯ ಇಡುಗಂಟಿಗೆ ಹಾಕಿದರೆ 2021ರ ಜನವರಿ 22ರಿಂದೀಚೆಗೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕಂಪನಿಯವರು ದತ್ತಿಗೆ ಸೇರುವ ಬದಲು ಶಾಸನಗಳ ದಾಖಲೀಕರಣದಂಥ ಒಂದು ಯೋಜನೆಯ ಖರ್ಚನ್ನು ವಹಿಸಿಕೊಳ್ಳಲಿ.

ತಮ್ಮನ ಬಳಿ ಈಗಲೂ ಭಾರತದ ಪಾಸ್‌ಪೋರ್ಟ್ ಇದ್ದರೆ ಅವರ ಸ್ವಂತ ಉಳಿತಾಯದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ಆಗ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ವಿನಾಯಿತಿ ಇದೆಯೇ ಎಂದು ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿಯನ್ನು ಕೇಳದೆ ಒಂದು ಡಾಲರನ್ನೂ ಕಳಿಸಬೇಡಿ. ದೇಣಿಗೆ ಕೊಟ್ಟವರಿಗೆ ಸಿಗುವ, 80ಜಿ ತೆರಿಗೆ ರಿಯಾಯಿತಿ ಎಂದು ನಾವೆಲ್ಲ ಕರೆಯುವ ಸೌಲಭ್ಯ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ನಗದಾಗಿ ₹2 ಸಾವಿರಕ್ಕಿಂತ ಹೆಚ್ಚು ಕೊಟ್ಟರೆ ಅದೂ ಇಲ್ಲ.

ಇನ್ನು ಒಪ್ಪಂದ ಪತ್ರ. ಕುಲಸಚಿವರಿಗೆ ಪತ್ರ ಬರೆದು ಮಾತುಕತೆ ಶುರು ಮಾಡಿ. ಹೆಸರು, ವಿಷಯ ನೀವು ಹೇಳಬಹುದು. ವಿಷಯವನ್ನು ತೀರಾ ಕಿರಿದು ಮಾಡಬೇಡಿ. ಆದರೆ ಕೊಟ್ಟ ಮೇಲೆ ಹಣದ ಮೇಲೆ ನಿಮ್ಮ ಹಿಡಿತ ಇರಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಟಾಟಾ ದತ್ತಿಯೇ ಬುನಾದಿ. 1890ರ ದತ್ತಿ ಕಾಯ್ದೆಯಡಿ 1909ರಲ್ಲಿ ಹೊರಟ ಆದೇಶದೊಂದಿಗೆ ಆ ಆಸ್ತಿ ಮನೆತನದ ಕೈಬಿಟ್ಟು ಸಂಸ್ಥೆಯ ಉದ್ದೇಶಕ್ಕೆ ಮೀಸಲಾಯಿತು. ನಿಮ್ಮದೂ ಹಾಗೆಯೇ ಆಗಬೇಕು. ಸಂಶೋಧಕರನ್ನು ಆರಿಸುವುದು ವಿಶ್ವವಿದ್ಯಾಲಯದ ಕೆಲಸ. ಹಿನ್ನೀರಿನಲ್ಲಿ ಮುಳುಗಿದ ಊರುಗಳ ಅಧ್ಯಯನಕ್ಕೆಂದು ನೀವು ದತ್ತಿ ಇಟ್ಟಿರಿ ಎನ್ನೋಣ. ಮುಳುಗಡೆಯವರಿಗೆ ಅನ್ಯಾಯವಾಯಿತು ಎಂದು ಆಯ್ಕೆಯಾದ ಸಂಶೋಧಕಿ ಬರೆದರೆ ಅಣೆಕಟ್ಟು ಕಟ್ಟಿದವರ ಮಕ್ಕಳಾದ ನಿಮಗೆ ಕಸಿವಿಸಿಯಾಗಬಹುದು. ಆ ವರ್ಷವೂ ಬಡ್ಡಿ ಅವರಿಗೆ ಸಲ್ಲಲೇಬೇಕು. ಇದಕ್ಕೆ ಮನೆಯವರೆಲ್ಲ ಒಪ್ಪಿದ ಮೇಲೆಯೇ ಸಹಿ ಹಾಕಿ.