ಟೊಮೆಟೊದಲ್ಲಿ ವಂಶವಾಹಿ ಇದೆಯೆ?

ಈ ವಾರ ಮೊದಲು ನಿಮಗೊಂದು ಪ್ರಶ್ನೆ. ‘ಸಾಧಾರಣ ಟೊಮೆಟೊದಲ್ಲಿ ವಂಶವಾಹಿಗಳು, ಅಂದರೆ ಜೀನ್‌ಗಳು, ಇರುವುದಿಲ್ಲ, ಕುಲಾಂತರಿ ಟೊಮೆಟೊದಲ್ಲಿ ಮಾತ್ರ ಇರುತ್ತವೆ.’ ಸರಿಯೋ, ತಪ್ಪೋ? ಮನೆಯವರನ್ನೂ ಕೇಳಿ, ಆಮೇಲೆ ಮುಂದೆ ಓದಿ.

ಹೇಳಿಕೆ ತಪ್ಪು. ಬೆಳಿಗ್ಗೆ ನೀವು ತಿಂದ ಇಡ್ಲಿಯ ಅಕ್ಕಿ, ಉದ್ದು, ಚಟ್ನಿಯ ಕಾಯಿ, ಕೊತ್ತಂಬರಿ ಎಲ್ಲದರ ಜೀವಕೋಶಗಳಲ್ಲೂ ವಂಶವಾಹಿಗಳಿದ್ದವು. ವಂಶವಾಹಿಗಳು ಡಿಎನ್‌ಎ ಎಂಬ ವಸ್ತುವಿನಿಂದಾದವು. ಊಟದೊಂದಿಗೆ ಒಳಹೋದ ಡಿಎನ್‌ಎ ಕರುಳಿನಲ್ಲಿ ಒಡೆದು ಜೀರ್ಣವಾಗುತ್ತದೆ. 2015ರಲ್ಲಿ ಅಮೆರಿಕದ ಓಕ್ಲಹೋಮ ರಾಜ್ಯ ವಿಶ್ವವಿದ್ಯಾಲಯದ ಸಮೀಕ್ಷೆಯೊಂದರಲ್ಲಿ, ಡಿಎನ್‌ಎ ಇರುವ ಆಹಾರದ ಮೇಲೆ ಹಾಗೆಂದು ಕಡ್ಡಾಯವಾಗಿ ಮುದ್ರಿಸಬೇಕು ಎಂದವರು ಶೇ. 80ಕ್ಕೂ ಹೆಚ್ಚು. ಹಾಗಾದರೆ ಅಕ್ಕಿ ಮೂಟೆಯಿಂದ ಬಾಳೆಗೊನೆಯವರೆಗೆ ಎಲ್ಲಕ್ಕೂ ಚೀಟಿ ಅಂಟಿಸಬೇಕಾದೀತು!

2019ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೂ ಕುತೂಹಲಕರ. ಅಮೆರಿಕ, ಜರ್ಮನಿ, ಫ್ರಾನ್ಸ್‌ಗಳಲ್ಲಿ ಜನರಿಗೆ ಕುಲಾಂತರಿ ಆಹಾರದ ಬಗ್ಗೆ ಎಷ್ಟು ಗೊತ್ತು ಎಂದು ಮೊದಲು ಅವರನ್ನೇ ಕೇಳಿದರು. ವಿಜ್ಞಾನದ ಸರಳ ಪ್ರಶ್ನೆಗಳನ್ನೂ ಕೊಟ್ಟರು. ವಿರೋಧ ತೀವ್ರವಾದಷ್ಟೂ ‘ನನಗೆ ಚೆನ್ನಾಗಿ ಗೊತ್ತು’ ಎಂಬ ಭಾವನೆ ಹೆಚ್ಚು, ಸರಿಯುತ್ತರ ಕಡಿಮೆ.

ಇದನ್ನೋದಿ, ಪ್ರಶ್ನೆ ಎತ್ತುವವರೆಲ್ಲ ಅಜ್ಞಾನಿಗಳು ಎಂದುಕೊಳ್ಳಬೇಡಿ. ಸೋಯಾ ಅವರೆಯ ಪೌಷ್ಟಿಕತೆ ಹೆಚ್ಚಿಸಲು ಅದಕ್ಕೆ ಬ್ರೆಜಿಲ್ ನಟ್ ಎಂಬ ಬೀಜದ ವಂಶವಾಹಿ ಸೇರಿಸಿದ್ದರು. ಆ ಬೀಜದ ಅಲರ್ಜಿ ಇದ್ದವರ ರಕ್ತದಲ್ಲಿ ಪರೀಕ್ಷಿಸಿದಾಗ ಹೊಸ ಸೋಯಾ ಕೂಡ ಅಲರ್ಜಿ ತರಬಲ್ಲದು ಎಂದು 1996ರಲ್ಲಿ ವರದಿಯಾಯಿತು. ಆ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಡಿಎನ್‌ಎ ಜೀರ್ಣವಾದೀತು, ಆದರೆ ಅದರ ಆಣತಿಯಂತೆ ಗಿಡ ತಯಾರಿಸುವ ಪ್ರೋಟೀನ್ ಎಂಥದು ಎಂದು ಕೇಳಲೇಬೇಕು. 2010ರಲ್ಲಿ ಬಿಟಿ ಬದನೆಗೆ ತಡೆ ಬೀಳುವ ಮುನ್ನ ಬೆಂಗಳೂರಿನ ಸಭೆಯೂ ಸೇರಿ ಹಲವೆಡೆ ಅಹವಾಲು ಕೇಳಲಾಗಿತ್ತು. ಉಡುಪಿಯ ಮಟ್ಟುಗುಳ್ಳದಂಥ ನಾಡತಳಿಗಳ ಗತಿಯೇನು ಎಂಬ ಆತಂಕವೂ ಆಗ ಎದ್ದಿತ್ತು. ಅದು ವಿಜ್ಞಾನ ತಿಳಿಯದವರ ಪ್ರಶ್ನೆಯೇನಲ್ಲ.

ಈಗ ಬಂದಿರುವ ವಂಶವಾಹಿ ತಿದ್ದುಪಡಿ ಸ್ವಲ್ಪ ಬೇರೆ. ಕುಲಾಂತರಿಯಲ್ಲಿ ಸಾಮಾನ್ಯವಾಗಿ ಬೇರೊಂದು ಜೀವಿಯ ವಂಶವಾಹಿ ಸೇರಿಸುತ್ತಾರೆ. ತಿದ್ದುಪಡಿಯಲ್ಲಿ ಗಿಡದ ಸ್ವಂತ ವಂಶವಾಹಿಯನ್ನೇ ಗೊತ್ತಾದ ಜಾಗದಲ್ಲಿ ಕತ್ತರಿಸಿ ಬದಲಿಸುತ್ತಾರೆ. ಹೊರಗಿನ ಡಿಎನ್‌ಎ ಉಳಿಯದ ಇಂಥ ಬೆಳೆಗಳನ್ನು ನಮ್ಮ ಸರ್ಕಾರ 2022ರಲ್ಲಿ ಕುಲಾಂತರಿಯ ಬಿಗಿ ನಿಯಮಗಳಿಂದ ಹೊರಗಿಟ್ಟಿತು. ಕತ್ತರಿ ಬೇಡದ ಕಡೆಯೂ ಬಿದ್ದಿದೆಯೆ ಎಂದು ನೋಡಬೇಕಾದದ್ದು ಮಾತ್ರ ಇದ್ದೇ ಇದೆ.

ಅರ್ಧ ತಿಳಿವಳಿಕೆ ವಿರೋಧದಲ್ಲಷ್ಟೇ ಅಲ್ಲ, ಉತ್ಸಾಹದಲ್ಲೂ ಇರುತ್ತದೆ. ನನ್ನಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: ‘ಡಾಕ್ಟ್ರೇ, ಜಪಾನಿನಲ್ಲಿ ಬಿ.ಪಿ. ಇಳಿಸೋ ಟೊಮೆಟೊ ಬಂದಿದೆಯಂತೆ. ಇಲ್ಲಿಗೆ ಬಂದರೆ ಮಾತ್ರೆ ಬಿಡಬಹುದಲ್ಲ?’ ಟೊಮೆಟೊ ಇರುವುದು ನಿಜ. 2021ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ಗಾಬಾ ಎಂಬ ವಸ್ತುವನ್ನು ತಯಾರಿಸುವ ಕಿಣ್ವಕ್ಕೆ ಗಿಡದಲ್ಲೇ ಒಂದು ತಡೆ ಇರುತ್ತದೆ. ಆ ತಡೆಯನ್ನು ತೆಗೆದುಹಾಕಿದ್ದರಿಂದ ಹಣ್ಣಿನಲ್ಲಿ ಗಾಬಾ ಹೆಚ್ಚಿದೆ. ಅದು ರಕ್ತದೊತ್ತಡಕ್ಕೆ ಸ್ವಲ್ಪ ನೆರವಾದೀತು ಎಂಬುದು ತಯಾರಕರ ನಿರೀಕ್ಷೆ. ಆದರೆ ಅದು ಔಷಧವಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಸುದ್ದಿ ನಂಬಿ ಮಾತ್ರೆ ನಿಲ್ಲಿಸಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಮಾತ್ರೆ ಬಿಟ್ಟವರು ಪಾರ್ಶ್ವವಾಯುವಿಗೆ ತುತ್ತಾಗುವುದುಂಟು.

2025ರ ಮೇ ತಿಂಗಳಲ್ಲಿ ನಮ್ಮ ದೇಶವೂ ಇಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಒಂದು ‘ಕಮಲಾ’, ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಸಾಂಬಾ ಮಸೂರಿಯನ್ನು ತಿದ್ದಿ ಪಡೆದದ್ದು. ಮುಂದೆ ಅದರ ಅಕ್ಕಿಯ ಬಗ್ಗೆ ನೆರೆಹೊರೆಯಲ್ಲಿ ಮಾತು ಬಂದಾಗ, ಯಾವ ವಂಶವಾಹಿ ತಿದ್ದಿದ್ದಾರೆ, ಕಾಳಿನಲ್ಲಿ ಏನು ಬದಲಾಗಿದೆ, ಏನೇನು ಪರೀಕ್ಷೆ ಮಾಡಿದ್ದಾರೆ ಎಂದು ಕೇಳಿ. ಕಮಲಾವನ್ನು ತಿದ್ದಿರುವುದು ತೆನೆಯಲ್ಲಿ ಕಾಳು ಹೆಚ್ಚಲೆಂದು. ಮಧುಮೇಹಿಗಳಿಗೆ ಅದೂ ಅನ್ನವೇ. ಬಡಿಸಿಕೊಳ್ಳುವ ಅಳತೆ ಮೊದಲಿನದೇ.