ತಾಂತ್ರಿಕ ವಿದ್ಯಾರ್ಥಿಗೆ ಸ್ವಾಧ್ಯಾಯ

ವಿದ್ಯಾಭ್ಯಾಸ ಮುಗಿಸಿ ಹೊರಡುವ ಶಿಷ್ಯನಿಗೆ ಸ್ವಾಧ್ಯಾಯವನ್ನು ಬಿಡಬಾರದೆಂದು ಆಚಾರ್ಯನು ವಿಧಿಸುವ ಪ್ರಸಂಗವು ತೈತ್ತಿರೀಯೋಪನಿಷತ್ತಿನಲ್ಲಿದೆ. ಈ ವಿಧಿಯ ಅಗತ್ಯವು ತಾಂತ್ರಿಕ ವಿದ್ಯಾರ್ಥಿಗೆ ಇನ್ನೂ ಹೆಚ್ಚು. ಅವನು ಕಲಿತ ಯಂತ್ರವು ಅವನ ಉದ್ಯೋಗಕಾಲದಲ್ಲಿಯೇ ಹಳತಾಗುವುದುಂಟು.

ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವು ಇದಕ್ಕೆ ಉಜ್ಜ್ವಲ ನಿದರ್ಶನ. 1883ರಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗವನ್ನು ಪ್ರಥಮಸ್ಥಾನದೊಡನೆ ಮುಗಿಸಿದ ಅವರಿಗೆ ಪದವಿಯು ಕಲಿಕೆಯ ಕೊನೆಯಾಗಲಿಲ್ಲ. 1898ರಲ್ಲಿ ಜಪಾನಿಗೆ ತೆರಳಿ ಅಲ್ಲಿಯ ಪ್ರಗತಿಯನ್ನು ಕಣ್ಣಾರೆ ಕಂಡು ಅಭ್ಯಸಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. 1903ರಲ್ಲಿ ಅವು ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಸ್ಥಾಪಿತವಾದುವು. ಎಪ್ಪತ್ತು ದಾಟಿದ ಮೇಲೆ, 1934ರಲ್ಲಿ, ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥ ರಚಿಸಿದರು.

ಇಂತಹ ಪ್ರವೃತ್ತಿಯು ಉಪದೇಶಮಾತ್ರದಿಂದ ಹುಟ್ಟದು. ಸಿದ್ಧ ಟಿಪ್ಪಣಿಯನ್ನು ಬಾಯಿಪಾಠ ಮಾಡಿಸಿದರೆ ಅಂಕಗಳು ಬರಬಹುದು. ಟಿಪ್ಪಣಿ ಕೊಡುವವರಿಲ್ಲದ ಕಾರ್ಯಕ್ಷೇತ್ರದಲ್ಲಿ ಆ ವಿದ್ಯಾರ್ಥಿಯು ನಿಸ್ಸಹಾಯಕನಾಗುವನು. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆಸೆದಿರುವ ಕನ್ನಂಬಾಡಿ ಅಣೆಕಟ್ಟೆಗೆ ಪ್ರವಾಸ ಹೋದಾಗ, ಅದಕ್ಕೆ ಸಿಮೆಂಟಿನ ಬದಲು ಸುರ್ಕಿ ಗಾರೆಯನ್ನು ಬಳಸಿದುದೇಕೆಂದು ಅಧ್ಯಾಪಕರು ಕೇಳಲಿ, ಉತ್ತರವನ್ನು ಹೇಳದಿರಲಿ. ವಿದ್ಯಾರ್ಥಿಯು ಗ್ರಂಥಾಲಯದಲ್ಲಿ ಹುಡುಕಲಿ, ಅನುಭವಿ ಮೇಸ್ತ್ರಿಯನ್ನು ವಿಚಾರಿಸಲಿ, ಕಂಡುಕೊಂಡುದನ್ನು ತರಗತಿಯಲ್ಲಿ ಸಮರ್ಥಿಸಲಿ. ತಪ್ಪಿದ್ದರೆ ತಾನೇ ತಿದ್ದಿಕೊಳ್ಳಲಿ.

ಹಿರಿಯ ವಿದ್ಯಾರ್ಥಿಗಳು ತಮ್ಮ ವೃತ್ತಿಯಲ್ಲಿ ಎದುರಾದ ಸಮಸ್ಯೆಗಳನ್ನು ತರಗತಿಗೆ ತರಲಿ. ದಾನಿಗಳ ನೆರವು ಕಟ್ಟಡಗಳಿಗಷ್ಟೇ ಅಲ್ಲದೆ, ಸಂಜೆಯ ಮೇಲೂ ತೆರೆದಿರುವ ಗ್ರಂಥಾಲಯಕ್ಕೂ ಪ್ರಯೋಗಶಾಲೆಗೂ ದೊರೆಯಲಿ. ಗುರುವಿನ ಕೈಬಿಟ್ಟ ಮೇಲೂ ಕಲಿಯಬಲ್ಲ ಶಿಷ್ಯನನ್ನು ರೂಪಿಸುವುದರಲ್ಲಿಯೇ ಬೋಧನೆಯ ಸಾರ್ಥಕ್ಯವಿದೆ.